ಹಿಮದಲ್ಲಿ ಮಲಗುವ ಮುನ್ನ



ದೀಪಾವಳಿ ಕಳೆದು ಥಂಡಿ ಬೀಳತೊಡಗಿತೆಂದರೆ ಈಚಿನ ವರ್ಷಗಳಲ್ಲಿ ನನಗೆ ಬರುವ ದೂರವಾಣಿ ಕರೆಗಳ ಸ್ವರೂಪವೇ ಬದಲಾಗಿದೆ. ಮೊದಲೆಲ್ಲ ಮಗನಿಗೆ ಬೀಜಗಣಿತ ಹತ್ತುವುದಿಲ್ಲ, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು ಎಂದು ಕೇಳುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳು ಈಗ ಬೇರೆಯದನ್ನೇ ಕೇಳುತ್ತಾರೆ. "ಟೀಚರ್, ಮಗಳು ಗೆಳತಿಯರ ಕೂಡ ಕೇದಾರಕಂಠಕ್ಕೆ ಹೋಗ್ತೀನಿ ಅಂತ ಹಟ ಹಿಡಿದಾಳ. ಬರ್ಫಿನ್ಯಾಗ ಟೆಂಟ್ ಹಾಕಿ ಮಲಗ್ತಾರಂತ. ಕಳಿಸಬೇಕೋ ಬ್ಯಾಡೋ ನೀವೇ ಹೇಳ್ರಿ." ಹೀಗೆ ಕೇಳಿದವರು ಕಳೆದ ಎರಡು ಚಳಿಗಾಲಗಳಲ್ಲಿ ಐದಾರು ಮಂದಿ. ಹೈದರಾಬಾದಿನಲ್ಲಿ ಇರುವವರು, ಪುಣೆಯಲ್ಲಿ ಇರುವವರು, ಭಾಲ್ಕಿಯಲ್ಲೇ ಅಂಗಡಿ ಇಟ್ಟುಕೊಂಡವರು, ಎಲ್ಲರೂ ಇದ್ದಾರೆ. ನನ್ನನ್ನೇ ಏಕೆ ಕೇಳುತ್ತಾರೆಂದರೆ, ಸೇವೆಯಲ್ಲಿದ್ದಾಗ ನಾನು ಗೈಡ್ಸ್ ಕ್ಯಾಪ್ಟನ್ ಆಗಿದ್ದೆ. ನಮ್ಮ ಹುಡುಗಿಯರನ್ನು ಮೂರು ಬಾರಿ ಹಿಮಾಚಲದ ಶಿಬಿರಗಳಿಗೆ ಕರೆದೊಯ್ದಿದ್ದೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳುವುದಕ್ಕಿಂತ ಇಲ್ಲಿ ಒಮ್ಮೆ ಬರೆದಿಟ್ಟರೆ ಒಳ್ಳೆಯದೆನಿಸಿತು.

ಕಳಿಸಿರಿ ಎಂಬುದೇ ನನ್ನ ಉತ್ತರ. ಆದರೆ ಆ "ಕಳಿಸಿರಿ" ಎಂಬುದರ ಹಿಂದೆ ಎರಡು ತಿಂಗಳ ಸಿದ್ಧತೆ ಇರಬೇಕು. ನಮ್ಮಲ್ಲಿ ಸಿದ್ಧತೆಯೆಂದರೆ ಜಾಕೆಟ್ ಖರೀದಿ ಎಂದಾಗಿಬಿಟ್ಟಿದೆ.

ಈ ವಿಷಯದಲ್ಲಿ ಎರಡು ಗುಂಪುಗಳನ್ನು ನಾನು ಕಾಣುತ್ತೇನೆ. 2024ರ ಜೂನ್ ತಿಂಗಳ ಸುದ್ದಿಯನ್ನು ನೆನೆದು ಬೇಡವೇ ಬೇಡ ಎನ್ನುವವರದು ಒಂದು. ಉತ್ತರಾಖಂಡದ ಉತ್ತರಕಾಶಿ ಭಾಗದ ಸಹಸ್ರ ತಾಲ್‌ಗೆ ಹೊರಟಿದ್ದ ತಂಡದಲ್ಲಿ 22 ಜನರಿದ್ದರು, ಬಹುತೇಕರು ನಮ್ಮ ಕರ್ನಾಟಕದವರು. 14,000 ಅಡಿಯ ಆಸುಪಾಸಿನ ಆ ಎತ್ತರದಲ್ಲಿ ಜೂನ್ 3ರಂದು ಹಿಮಗಾಳಿ ಎದ್ದಿತು. ದಾರಿ ಕಾಣದಾಯಿತು, ಶಿಬಿರ ಮುಟ್ಟಲಾಗಲಿಲ್ಲ, ರಾತ್ರಿಯನ್ನು ಬಯಲಿನಲ್ಲೇ ಕಳೆಯಬೇಕಾಯಿತು. ಒಂಬತ್ತು ಜನ ತೀರಿಕೊಂಡರು. ಹದಿಮೂರು ಜನರನ್ನು ಹೆಲಿಕಾಪ್ಟರ್ ಮತ್ತು ರಕ್ಷಣಾ ದಳದವರು ಉಳಿಸಿ ತಂದರು. ಅವರಲ್ಲಿ ಅನುಭವಸ್ಥರಿದ್ದರು, ಮೊದಲೂ ಚಾರಣ ಮಾಡಿದವರಿದ್ದರು. ದೋಷ ಯಾರದೆಂದು ಮನೆಯಲ್ಲಿ ಕುಳಿತು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು. ಅದು ಜೂನ್ ತಿಂಗಳು. ನಮ್ಮ ಬೀದರಿನಲ್ಲಿ ಜನ ಆಗಿನ್ನೂ ಮಳೆಗೆ ಮುಗಿಲು ನೋಡುತ್ತಿರುತ್ತಾರೆ. ಪರ್ವತಕ್ಕೆ ನಮ್ಮ ಪಂಚಾಂಗ ಗೊತ್ತಿಲ್ಲ.

ಎರಡನೆಯ ಗುಂಪಿನವರು ಹಣ ಕಟ್ಟಿ, ಜಾಕೆಟ್ ಕೊಡಿಸಿ, ಬಸ್ ನಿಲ್ದಾಣದಲ್ಲಿ ಫೋಟೊ ತೆಗೆದುಕೊಂಡು ಕೈಬೀಸುವವರು. ಚಾರಣ ನಡೆಸುವ ಸಂಸ್ಥೆ ಎಲ್ಲವನ್ನೂ ನೋಡಿಕೊಳ್ಳುತ್ತದೆಂಬ ಭರವಸೆ ಇವರದು. ಒಳ್ಳೆಯ ಸಂಸ್ಥೆಗಳು ನೋಡಿಕೊಳ್ಳುತ್ತವೆ, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಸ್ಲೀಪಿಂಗ್ ಬ್ಯಾಗಿನೊಳಗೆ ಒದ್ದೆ ಕಾಲುಚೀಲದಲ್ಲಿ ನಡುಗುತ್ತ ಮಲಗಿರುವ ಹುಡುಗಿಯನ್ನು ಯಾವ ಸಂಸ್ಥೆಯೂ ಹೊರಗಿನಿಂದ ನೋಡಲಾರದು. ಆಕೆ ಬಾಯಿಬಿಟ್ಟು ಹೇಳಬೇಕು.

ನನ್ನ ಆತಂಕವೆಲ್ಲ ಈ "ಹೇಳಬೇಕು" ಎಂಬಲ್ಲಿಯೇ ಇದೆ. ನಮ್ಮ ಮಕ್ಕಳನ್ನು ನಾವು ಹೇಗೆ ಬೆಳೆಸುತ್ತೇವೆ? ಕಾಲಿಗೆ ಮುಳ್ಳು ಚುಚ್ಚಿದರೆ "ಏನಾಗಂಗಿಲ್ಲ, ನಡಿ", ಹೊಟ್ಟೆ ನೋಯುತ್ತದೆ ಎಂದರೆ "ಪರೀಕ್ಷಾ ಬಂತಲ್ಲ, ಅದಕ್ಕ". ತಡೆದುಕೊಂಡವಳು ಜಾಣೆ, ಹೇಳಿಕೊಂಡವಳು ಅಳುಬುರುಕಿ. ಬಿಸಿಲ ನಾಡಿನಲ್ಲಿ, ಕಷ್ಟದ ಮನೆಗಳಲ್ಲಿ ಈ ತಾಳ್ಮೆ ನಮ್ಮನ್ನು ಉಳಿಸಿದೆ; ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಹಿಮದಲ್ಲಿ ಇದೇ ಗುಣ ಪ್ರಾಣಕ್ಕೆ ಎರವಾಗುತ್ತದೆ. ಥಂಡಿ ಮೊದಲು ಕೈಬೆರಳುಗಳ ಚುರುಕನ್ನು ಕಸಿಯುತ್ತದೆ, ಆಮೇಲೆ ನಾಲಿಗೆಯ ಸ್ಪಷ್ಟತೆಯನ್ನು, ಕೊನೆಗೆ ವಿವೇಕವನ್ನು. ತನಗೆ ಅಪಾಯವಾಗಿದೆ ಎಂದು ತಿಳಿಯುವ ಬುದ್ಧಿಯೇ ಮಂಕಾದ ಮೇಲೆ ಹೇಳುವವರು ಯಾರು? ಆದ್ದರಿಂದ ಮೊದಲ ನಡುಕದಲ್ಲಿಯೇ ಹೇಳುವುದನ್ನು ಕಲಿಸಬೇಕು. ಜಾಕೆಟ್ಟಿಗಿಂತ ಮೊದಲು ಕೊಡಿಸಬೇಕಾದದ್ದು ಈ ಅಭ್ಯಾಸ.

1998ರ ಮೇ ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ಹೇಳುತ್ತೇನೆ. ಆಗ ನಾನು ಔರಾದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಹದಿನಾಲ್ಕು ಹುಡುಗಿಯರು, ಇಬ್ಬರು ಶಿಕ್ಷಕಿಯರು. ಕುಲ್ಲು ಕಣಿವೆಯ ಮೇಲ್ಭಾಗದಲ್ಲಿ ನಮ್ಮ ಮೂರನೆಯ ಶಿಬಿರ. ಮಧ್ಯಾಹ್ನ ಬಿದ್ದ ಹಸಿಹಿಮದಲ್ಲಿ ನಡೆದು ಬಂದಿದ್ದೆವು. ಶಿಬಿರದ ನಾಯಕರು ಮಂಡಿ ಕಡೆಯ ಹಿರಿಯರು, ಮಾತು ಕಡಿಮೆ. ಸಂಜೆ ಊಟಕ್ಕೆ ಮುನ್ನ ಅವರು ಪ್ರತಿಯೊಂದು ಡೇರೆಗೂ ಬಂದರು; ನಾನು ಟಾರ್ಚ್ ಹಿಡಿದು ಜೊತೆಗಿದ್ದೆ. "ಹೇಗಿದ್ದೀರಿ" ಎಂದು ಅವರು ಯಾರನ್ನೂ ಕೇಳಲಿಲ್ಲ. ಕೈಗವಸು ತೆಗೆಸಿ, ಹೆಬ್ಬೆರಳಿನಿಂದ ಅದೇ ಕೈಯ ಕಿರುಬೆರಳನ್ನು ಮುಟ್ಟಿ ತೋರಿಸಲು ಹೇಳುತ್ತಿದ್ದರು. ಹದಿಮೂರು ಹುಡುಗಿಯರು ನಗುತ್ತ ಮುಟ್ಟಿದರು. ಒಬ್ಬಳಿಗೆ ಆಗಲಿಲ್ಲ. ಎರಡು ಸಲ ಪ್ರಯತ್ನಿಸಿದಳು, ಬೆರಳುಗಳು ಹತ್ತಿರ ಬಂದು ನಿಂತುಬಿಟ್ಟವು. "ಏನಾಗ್ಯದವ್ವ?" ಎಂದು ನಾನು ಕೇಳಿದರೆ "ಏನೂ ಆಗಿಲ್ರಿ ಟೀಚರ್, ಆರಾಮ ಇದ್ದೀನ್ರಿ" ಎಂದಳು. ಆ ಮಾತಿನಲ್ಲಿಯೇ ನಾಲಿಗೆ ತೊದಲುತ್ತಿತ್ತು.

ಬೂಟು ಬಿಚ್ಚಿಸಿ ನೋಡಿದರೆ ಹತ್ತಿಯ ಕಾಲುಚೀಲ ಹಿಂಡಿದರೆ ನೀರು ಬರುವಷ್ಟು ಒದ್ದೆ. ಒಳಗಿನ ಬನಿಯನ್ ಬೆವರಿನಿಂದ ತೊಯ್ದಿತ್ತು. ಬೆಳಗಿನಿಂದ ಅರ್ಧ ಬಾಟಲಿ ನೀರನ್ನೂ ಕುಡಿದಿರಲಿಲ್ಲ. ನಾಯಕರು ಗಾಬರಿಯಾಗದೆ ಒಂದೊಂದಾಗಿ ಹೇಳುತ್ತ ಹೋದರು, ನಾವು ಮಾಡುತ್ತ ಹೋದೆವು. ಗಂಡಸರು ಹೊರಗೆ ಹೋದ ಮೇಲೆ ಒದ್ದೆ ಬಟ್ಟೆಯನ್ನೆಲ್ಲ ತೆಗೆದು ಒಣಬಟ್ಟೆ ತೊಡಿಸಿದೆವು, ತಲೆಗೆ ಉಣ್ಣೆಯ ಟೋಪಿ ಹಾಕಿದೆವು. ಕೆಳಗೆ ಎರಡು ಮ್ಯಾಟು ಹಾಸಿ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿಸಿ, ಎರಡೂ ಪಕ್ಕಕ್ಕೆ ಗೆಳತಿಯರು ಒತ್ತಿ ಮಲಗಿದರು. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಕೊಟ್ಟೆವು. ನುಂಗಬಲ್ಲಳೆಂದು ಖಚಿತವಾದ ಮೇಲೆ ಬೆಲ್ಲ ಹಾಕಿದ ಬಿಸಿ ಪಾನಕ, ಗುಟುಕು ಗುಟುಕಾಗಿ. ನಮ್ಮೊಬ್ಬ ಹುಡುಗಿ ಅಕ್ಕರೆಯಿಂದ ಕಾಲು ತಿಕ್ಕಲು ಹೋದಾಗ ಅವರು ತಡೆದರು. ಹೀಗೆ ತಣ್ಣಗಾದವರ ಕೈಕಾಲು ತಿಕ್ಕಬಾರದು. ಮೊದಲು ಎದೆ, ಹೊಟ್ಟೆ, ಕುತ್ತಿಗೆಯ ಭಾಗ ಬೆಚ್ಚಗಾಗಬೇಕು. ಸುಮಾರು ಒಂದೂವರೆ ಗಂಟೆಯಲ್ಲಿ ಮಾತು ಸರಿಯಾಯಿತು. ಮರುದಿನ ಆಕೆಯನ್ನು ಮೇಲಕ್ಕೆ ಒಯ್ಯಲಿಲ್ಲ. ನನ್ನ ಸಹೋದ್ಯೋಗಿಯ ಜೊತೆ ಕೆಳಗಿನ ಶಿಬಿರಕ್ಕೆ ಇಳಿಸಿದೆವು. ಈಗ ಆಕೆಗೆ ಎರಡು ಮಕ್ಕಳು. ಇದನ್ನು ಓದುತ್ತಾಳೆಂದೂ ಬಲ್ಲೆ. ಹೆಸರು ಹೇಳುವುದಿಲ್ಲವಮ್ಮ, ಹೆದರಬೇಡ.

ಆಕೆ ನೀರು ಏಕೆ ಕುಡಿದಿರಲಿಲ್ಲ? ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ವಿವರಿಸಬೇಕಿಲ್ಲ. ಶೌಚಾಲಯವಿಲ್ಲದ, ಇದ್ದರೂ ಬಾಗಿಲಿಲ್ಲದ ಶಾಲೆಗಳಲ್ಲಿ ಓದಿದ ನಮ್ಮ ಹುಡುಗಿಯರು ಮುಂಜಾನೆಯಿಂದ ಸಂಜೆಯವರೆಗೆ ನೀರು ಮುಟ್ಟದೆ ಇರುವ ಕಲೆಯನ್ನು ಎಳೆಯ ವಯಸ್ಸಿನಲ್ಲೇ ಕಲಿತುಬಿಡುತ್ತಾರೆ. ಬೆಟ್ಟದಲ್ಲಿಯೂ ಅದನ್ನೇ ಮಾಡುತ್ತಾರೆ, ಎಲ್ಲಿ ಹೋಗಿ ಕೂಡುವುದು ಎಂಬ ಸಂಕೋಚದಿಂದ. ಎತ್ತರದ ಒಣಹವೆಯಲ್ಲಿ ಪ್ರತಿ ಉಸಿರಿನೊಡನೆ ದೇಹದ ನೀರು ಹೋಗುತ್ತಿರುತ್ತದೆ. ಥಂಡಿಯಲ್ಲಿ ಬಾಯಾರಿಕೆಯೂ ತಿಳಿಯುವುದಿಲ್ಲ. ನೀರು ಕಡಿಮೆಯಾದ ದೇಹ ಬೇಗ ದಣಿಯುತ್ತದೆ, ಬೇಗ ತಣ್ಣಗಾಗುತ್ತದೆ. ರಾತ್ರಿ ಮೂತ್ರ ಬಂದರೆ ತಡೆದುಕೊಂಡು ಮಲಗುವುದೂ ಸಲ್ಲದು. ನಿದ್ದೆ ಬಾರದೆ ನಡುಗುವುದಕ್ಕಿಂತ ಎದ್ದು ಹೋಗಿಬರುವುದೇ ಮೇಲು. ತಾಯಂದಿರು ಮಗಳೊಂದಿಗೆ ಈ ಮಾತನ್ನು ಬಿಚ್ಚಿ ಆಡಬೇಕು. ಹೋಗುವ ತಂಡದಲ್ಲಿ ಹೆಣ್ಣು ನಾಯಕಿ ಇದ್ದಾರೆಯೇ, ಶೌಚಕ್ಕೆ ಪ್ರತ್ಯೇಕ ಡೇರೆ ಇದೆಯೇ ಎಂದು ಕೇಳುವುದಕ್ಕೆ ತಂದೆಯರೂ ನಾಚಬಾರದು.

ಇನ್ನು ಬಟ್ಟೆ ಮತ್ತು ಹಾಸಿಗೆ. ನಾನು ವಿಜ್ಞಾನ ಕಲಿಸಿದವಳಾದ್ದರಿಂದ ಸ್ವಲ್ಪ ಪಾಠ ಮಾಡದೆ ಬಿಡುವುದಿಲ್ಲ. ವಹನ, ಸಂವಹನ, ವಿಕಿರಣ ಎಂದು ನೀವೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೇ. ಬೇಸಿಗೆಯಲ್ಲಿ ನಮ್ಮ ಮನೆಯ ಹರವಿಯಲ್ಲಿ ನೀರು ಏಕೆ ತಣ್ಣಗಿರುತ್ತದೆ? ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ಬೆವರಿನಿಂದ ಒದ್ದೆಯಾದ ಹತ್ತಿಯ ಬನಿಯನ್ ತೊಟ್ಟು ಹಿಮದಲ್ಲಿ ನಿಂತವರು ಹರವಿಯ ಸ್ಥಿತಿಯಲ್ಲಿಯೇ ಇರುತ್ತಾರೆ! ಹತ್ತಿ ನಮ್ಮ ಬಿಸಿಲಿಗೆ ಅಮೃತ, ಹಿಮದಲ್ಲಿ ಶತ್ರು. ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಣಗುವುದಿಲ್ಲ. ಜೀನ್ಸ್ ಪ್ಯಾಂಟ್ ಅಂತೂ ಮನೆಯಲ್ಲೇ ಬಿಟ್ಟು ಹೋಗಬೇಕಾದ ವಸ್ತು. ಮೈಗೆ ತಾಗುವ ಬಟ್ಟೆ ಉಣ್ಣೆಯದಾಗಲಿ, ಬೇಗ ಒಣಗುವ ಪಾಲಿಯೆಸ್ಟರ್ ಜಾತಿಯದಾಗಲಿ ಇರಬೇಕು.

ಒಂದೇ ದಪ್ಪ ಜಾಕೆಟ್ಟಿಗಿಂತ ಮೂರು ತೆಳುವಾದ ಪದರಗಳು ಮೇಲು ಎಂದು ತರಬೇತಿಯಲ್ಲಿ ಹೇಳುತ್ತಾರೆ. ನಮ್ಮ ಅವ್ವಂದಿರು ಹೊಲಿಯುತ್ತಿದ್ದ ಕೌದಿಯೂ ಅದೇ ತತ್ತ್ವದ್ದು. ಹಳೆಯ ಸೀರೆ, ಧೋತರಗಳ ಐದಾರು ಪದರ ಸೇರಿಸಿ ಗುಬ್ಬಿಕಾಲಿನಷ್ಟು ಸಣ್ಣ ಟಿಪ್ಪಿ ಹಾಕಿದರೆ, ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಮೈಯ ಬಿಸಿಯನ್ನು ಕಾಯುತ್ತದೆ. ಬಟ್ಟೆ ಆ ಗಾಳಿಯನ್ನು ಹಿಡಿದಿಡುವ ಸಾಧನ ಮಾತ್ರ. ಕುರಿ ಕಾಯುವವರು ಮಾಗಿಯ ರಾತ್ರಿಯಲ್ಲಿ, ಇಬ್ಬನಿಯಲ್ಲಿ, ಹಿಂಡಿನ ನಡುವೆ ಕಂಬಳಿ ಹೊದ್ದು ಮಲಗುವುದನ್ನು ನೀವು ನೋಡಿದ್ದೀರಿ. ಉಣ್ಣೆ ತುಸು ತೇವವಾದರೂ ಬೆಚ್ಚಗಿರುತ್ತದೆ ಎಂಬುದನ್ನು ಅವರಿಗೆ ಯಾವ ಪಠ್ಯಪುಸ್ತಕವೂ ಕಲಿಸಲಿಲ್ಲ. ಚಿಕ್ಕ ಕೂಸಿಗೆ ಕುಂಚಿಗಿ ಕಟ್ಟದೆ ಹೊರಗೆ ಒಯ್ಯಬೇಡಿರೆಂದು ಅಜ್ಜಿಯರು ಗದರುತ್ತಿದ್ದುದೂ ಸುಮ್ಮನೆ ಅಲ್ಲ. ಪದರಗಳ ಇನ್ನೊಂದು ಉಪಯೋಗವೆಂದರೆ, ಏರುವಾಗ ಬೆವರು ಬರುವ ಮುನ್ನ ಒಂದನ್ನು ತೆಗೆಯಬಹುದು, ನಿಂತ ಕೂಡಲೇ ಹಾಕಿಕೊಳ್ಳಬಹುದು. ಎಲ್ಲವನ್ನೂ ತೊಟ್ಟು ಏರಿ, ಬೆವತು, ಶಿಬಿರದಲ್ಲಿ ಕುಳಿತು ನಡುಗುವುದು ಹೊಸಬರೆಲ್ಲರ ದಾರಿ.

ಮಲಗುವಾಗ ಮೇಲಿನ ಹೊದಿಕೆಯ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಕೆಳಗಿನದರ ಬಗ್ಗೆ ಯಾರೂ ಇಲ್ಲ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಮ್ಮ ಭಾರಕ್ಕೆ ಅದುಮಿಹೋಗಿ ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ಆಗ ಶಾಖ ನೇರವಾಗಿ ಹಿಮಕ್ಕೆ ವಹನವಾಗುತ್ತದೆ. ಅದಕ್ಕಾಗಿ ಒಳಗೆ ಗಾಳಿಗುಳ್ಳೆಗಳಿರುವ ಫೋಮ್ ಮ್ಯಾಟು ಬೇಕು, ಹಿಮದ ಮೇಲಾದರೆ ಎರಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಿಮದಲ್ಲಿ ಅಕ್ಷರಶಃ ನಿಜ. ಮ್ಯಾಟಿನಿಂದ ಹೊರಗೆ ಚಾಚಿದ ಕಾಲು ಬೆಳಗಾಗುವುದರೊಳಗೆ ಮರಗಟ್ಟುತ್ತದೆ. ಬಾಡಿಗೆಗೆ ತಂದ ಬ್ಯಾಗಿನ ಮೇಲೆ ಬರೆದ ಉಷ್ಣಾಂಶವನ್ನೂ ಸರಿಯಾಗಿ ಓದಿರಿ. ಆರಾಮವಾಗಿ ನಿದ್ರಿಸಬಹುದಾದ ಉಷ್ಣಾಂಶ ಒಂದು, ಪ್ರಾಣವಷ್ಟೇ ಉಳಿಯಬಹುದಾದದ್ದು ಇನ್ನೊಂದು. ಅಂಗಡಿಯವರು ಎರಡನೆಯದನ್ನೇ ದೊಡ್ಡದಾಗಿ ತೋರಿಸುವುದುಂಟು.

ನಮ್ಮ ಬೀದರಿಗೂ ಥಂಡಿ ಗೊತ್ತಿಲ್ಲದ್ದೇನಲ್ಲ. 1901ರ ಜನವರಿ 5ರಂದು ಇಲ್ಲಿ 2.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಆದರೆ ಹಿಮಶಿಬಿರದ ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇಳಿಯಬಹುದು, ಅದರ ಮೇಲೆ ಗಾಳಿ. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವಾಗ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಸೊನ್ನೆಗಿಂತ 21 ಡಿಗ್ರಿ ಕೆಳಗಿನ ಅನುಭವ. ಸಹಸ್ರ ತಾಲ್‌ನಲ್ಲಿ ಆದ ಅನಾಹುತದಲ್ಲಿ ಹಿಮದಷ್ಟೇ ಗಾಳಿಯ ಪಾತ್ರವೂ ಇತ್ತು. ಆದ್ದರಿಂದ ಮೂರನೆಯ ಪದರ ಗಾಳಿಯನ್ನೂ ನೀರನ್ನೂ ತಡೆಯುವಂಥದ್ದಾಗಿರಬೇಕು. ಡೇರೆಯ ಬಾಗಿಲು ಗಾಳಿಗೆ ಎದುರಾಗಿರಬಾರದು.

ಡೇರೆ ಹಾಕುವ ಜಾಗವನ್ನು ನಾಯಕರೇ ಆರಿಸುತ್ತಾರೆ. ಆದರೂ ಮಕ್ಕಳಿಗೆ ಏಕೆಂದು ತಿಳಿದಿರಲಿ. ಹಿಮಪಾತ ಜಾರಬಲ್ಲ ಕಡಿದಾದ ಇಳಿಜಾರಿನ ಕೆಳಗೆ ಮಲಗಬಾರದು. ಹಿಮ ಹೊತ್ತ ಮರದ ಕೊಂಬೆಗಳ ಕೆಳಗೂ ಬೇಡ. ಮೆತ್ತನೆಯ ಹಿಮವನ್ನು ಬೂಟುಗಾಲಿನಿಂದ ತುಳಿದು ಗಟ್ಟಿಮಾಡಿ, ಅರ್ಧ ಗಂಟೆ ಬಿಟ್ಟು ಆಮೇಲೆ ಡೇರೆ ಹಾಕುತ್ತಾರೆ. ರಾತ್ರಿ ಹಿಮ ಬಿದ್ದರೆ ಎದ್ದು ಕೊಡವಬೇಕು. ಇಷ್ಟೆಲ್ಲ ಬಲ್ಲವರನ್ನೂ ಪರ್ವತ ಕೆಲವೊಮ್ಮೆ ಬಿಡುವುದಿಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದ ಬಳಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡದ ಮೇಲೆ ಹಿಮಪಾತವಾಗಿ 29 ಜನರನ್ನು ಕಳೆದುಕೊಂಡೆವು. ಅವರಲ್ಲಿ ನಮ್ಮ ರಾಜ್ಯದ ಇಬ್ಬರು ಯುವಕರಿದ್ದರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆ ಹಿಮದಡಿ ಹೂತುಹೋದಾಗ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಜೀವಂತ ಸಿಕ್ಕರೂ ಫೆಬ್ರವರಿ 11ರಂದು ತೀರಿಕೊಂಡರು. ಆ ದಿನಗಳಲ್ಲಿ ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ದಿನವೂ ಅವರಿಗಾಗಿ ಮೌನ ನಿಲ್ಲುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಸೈನಿಕರ ಮಾತು ಬಂದುದರಿಂದ ಎತ್ತರದ ವಿಷಯ. ನಮ್ಮ ಸೈನ್ಯ ಗಟ್ಟಿಮುಟ್ಟಾದ ತರುಣರನ್ನೂ ನೇರವಾಗಿ ಮೇಲಕ್ಕೆ ಕಳಿಸುವುದಿಲ್ಲ. 9,000ದಿಂದ 12,000 ಅಡಿಯ ಹಂತದಲ್ಲಿ ಆರು ದಿನ, ಅಲ್ಲಿಂದ 15,000 ಅಡಿಯವರೆಗಿನ ಹಂತದಲ್ಲಿ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ ದೇಹವನ್ನು ಒಗ್ಗಿಸುತ್ತಾರೆ. ನಮ್ಮ ಬೀದರಿನ ಎತ್ತರ ಸುಮಾರು 2,300 ಅಡಿ. ಕೇದಾರಕಂಠದ ನೆತ್ತಿ ಸುಮಾರು 12,500 ಅಡಿ. ನಾಲ್ಕು ದಿನದ ರಜೆಯಲ್ಲಿ ಇದನ್ನು ಮುಗಿಸಿ ಬರುವ ಆತುರ ನನಗೆ ಸರಿಕಾಣುವುದಿಲ್ಲ. ಏರಿದ ಮೇಲೆ ತಲೆನೋವು, ಓಕರಿಕೆ, ಊಟ ಬೇಡವೆನಿಸುವುದು ಇದ್ದರೆ ಅದು ಎತ್ತರದ ಬೇನೆಯೆಂದೇ ತಿಳಿಯಬೇಕು. ಕಡಿಮೆಯಾಗುವವರೆಗೆ ಮೇಲೆ ಹೋಗಕೂಡದು. ಹೆಚ್ಚಾದರೆ, ನಡೆಯುವಾಗ ತೂರಾಡಿದರೆ, ಕುಳಿತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಕೆಳಗಿಳಿಸಬೇಕು. ಗುಳಿಗೆ ನುಂಗಿ ತಲೆನೋವನ್ನು ಮುಚ್ಚಿಟ್ಟು ಗೆಳೆಯರ ಜೊತೆ ಶಿಖರ ಮುಟ್ಟುವ ಹುಡುಗರನ್ನು ನಾನು ಕಂಡಿದ್ದೇನೆ. ಮತ್ತೆ ಅದೇ ಮಾತು: ಹೇಳದಿರುವುದು.

ಬೆಂಕಿಯ ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಡೇರೆಯೊಳಗೆ ಒಲೆ, ಕೆಂಡದ ಅಗ್ಗಿಷ್ಟಿಕೆ, ಗ್ಯಾಸ್ ಹೀಟರ್ ಯಾವುದೂ ಕೂಡದು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಕೇರಳದ ಎಂಟು ಜನ ಪ್ರವಾಸಿಗರು, ಅವರಲ್ಲಿ ನಾಲ್ವರು ಮಕ್ಕಳು, ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿ ಬೆಳಗ್ಗೆ ಏಳಲಿಲ್ಲ. ಅದು ಡೇರೆಯೂ ಅಲ್ಲ, ತಂಗುದಾಣದ ಕೋಣೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲಿದ್ದವರಿಗೆ ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಬಾಣಂತಿ ಕೋಣೆಗೆ ಕೆಂಡ ಇಡುವ ರೂಢಿಯಿದ್ದ ಮನೆಗಳವರು ಇದನ್ನು ಊರಿನಲ್ಲೂ ನೆನಪಿಡಿ. ಡೇರೆಯ ಗಾಳಿಕಿಂಡಿ ಎಷ್ಟೇ ಥಂಡಿಯಿದ್ದರೂ ತೆರೆದಿರಲಿ. ಥಂಡಿಗೆ ರಮ್ ಒಳ್ಳೆಯದೆಂಬ ಮಾತನ್ನು ಸಹ ನಂಬಬೇಡಿ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭ್ರಮೆ ಹುಟ್ಟಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ.

ಮಲಗುವ ಮುನ್ನ ಏನು ಮಾಡಬೇಕೆಂಬುದನ್ನು ನಮ್ಮ ಹುಡುಗಿಯರಿಗೆ ನಾನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದೆ. ದಿನವಿಡೀ ತೊಟ್ಟ ಒಳಬಟ್ಟೆ, ಕಾಲುಚೀಲ ಬದಲಿಸಬೇಕು. ರಾತ್ರಿಗೆಂದೇ ಒಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರಬೇಕು, ಹಗಲು ಏನಾದರೂ ಅದನ್ನು ಮುಟ್ಟಬಾರದು. ಬಿಸಿಯಾದದ್ದನ್ನು ಉಂಡು, ಮೇಲೆ ಶೇಂಗಾ ಚಿಕ್ಕಿಯನ್ನೋ ಬೆಲ್ಲ-ಕೊಬ್ಬರಿಯನ್ನೋ ತಿನ್ನಬೇಕು. ಒಲೆಗೆ ಸೌದೆ ಇಟ್ಟಂತೆ ಅದು ರಾತ್ರಿಯಿಡೀ ಉರಿಯುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಭದ್ರಪಡಿಸಿ ಬ್ಯಾಗಿನೊಳಗೆ ಇಟ್ಟುಕೊಂಡರೆ ರಾತ್ರಿ ಕಾವು, ಬೆಳಗ್ಗೆ ಕುಡಿಯಲು ನೀರು. ಬೂಟನ್ನು ಹೊರಗೆ ಬಿಟ್ಟರೆ ಬೆಳಗ್ಗೆ ಕಲ್ಲಾಗಿರುತ್ತದೆ, ಚೀಲದಲ್ಲಿ ಹಾಕಿ ಒಳಗೇ ಇಡಬೇಕು. ಟೋಪಿ ತೆಗೆಯಬಾರದು. ಬ್ಯಾಗಿನೊಳಗೆ ಮುಖ ಮುಚ್ಚಿ ಉಸಿರಾಡಬಾರದು, ಉಸಿರಿನ ತೇವದಿಂದ ಹೊದಿಕೆ ಒದ್ದೆಯಾಗುತ್ತದೆ. ಬಾಯಾರಿದರೆ ಹಿಮವನ್ನು ತಿನ್ನಬಾರದು. ಅದನ್ನು ಕರಗಿಸುವ ಖರ್ಚನ್ನು ನಮ್ಮ ದೇಹವೇ ಭರಿಸಬೇಕಾಗುತ್ತದೆ. ಬೆರಳೋ ಮೂಗೋ ಬಿಳಿಚಿ ಸ್ಪರ್ಶ ತಿಳಿಯದಾದರೆ ಹಿಮದಿಂದ ಉಜ್ಜುವುದು, ಬೆಂಕಿಗೆ ಹಿಡಿಯುವುದು ಎರಡೂ ತಪ್ಪು. ಒಣಗಿಸಿ, ಮುಚ್ಚಿ, ಕೂಡಲೇ ನಾಯಕರಿಗೆ ತಿಳಿಸಬೇಕು. ಹಗಲು ಕಪ್ಪು ಕನ್ನಡಕ ಶೋಕಿಯಲ್ಲ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರಷ್ಟನ್ನು ಕಣ್ಣಿಗೆ ಮರಳಿ ಎಸೆಯುತ್ತದೆ.

ಚಾರಣದ ಸಂಸ್ಥೆಯವರಿಗೆ ಪಾಲಕರು ಕೇಳಬೇಕಾದ ಪ್ರಶ್ನೆಗಳು ಹಲವು. ಎಷ್ಟು ಮಕ್ಕಳಿಗೆ ಎಷ್ಟು ಜನ ತರಬೇತಿ ಪಡೆದ ನಾಯಕರು? ವೈದ್ಯರ ಪ್ರಮಾಣಪತ್ರ ಕೇಳುತ್ತೀರಾ? ಆಮ್ಲಜನಕ ಇದೆಯೇ? ಮಧ್ಯಾಹ್ನ ಎಷ್ಟು ಗಂಟೆಯಾದರೆ, ಶಿಖರ ಕಣ್ಣೆದುರಿಗಿದ್ದರೂ, ಹಿಂದಿರುಗುತ್ತೀರಿ? ಇವೆಲ್ಲ ಸರಿ. ಆದರೆ ಒಂದೇ ಪ್ರಶ್ನೆಗೆ ಅವಕಾಶವಿದ್ದರೆ ನಾನು ಕೇಳುವುದು ಇದನ್ನು: ಒಂದು ಮಗುವಿಗೆ ಹುಷಾರಿಲ್ಲದೆ ಕೆಳಗಿಳಿಯಬೇಕಾದರೆ ಅದರ ಜೊತೆ ಯಾರು ಇಳಿಯುತ್ತಾರೆ? ಉತ್ತರ ತಡವರಿಸಿದರೆ ಹಣ ಕಟ್ಟಬೇಡಿ. ಇಳಿಸಲು ಜನವಿಲ್ಲದ ತಂಡದಲ್ಲಿ ಮಗು ತನ್ನ ಬೇನೆಯನ್ನು ಹೇಳಿದರೂ ಪ್ರಯೋಜನವಿಲ್ಲ. ತನ್ನಿಂದ ಎಲ್ಲರ ಪ್ರವಾಸ ಕೆಡುತ್ತದೆಂಬ ಭಯಕ್ಕೆ ಅದು ಹೇಳುವುದೂ ಇಲ್ಲ.

ತರಬೇತಿಗೆ ಹಿಮಾಲಯವೇ ಬೇಕೆಂದಿಲ್ಲ. ಎರಡು ತಿಂಗಳು ದಿನಕ್ಕೊಂದು ಗಂಟೆ ಚುರುಕು ನಡಿಗೆ, ಬೀದರ ಕೋಟೆಯ ಏರುಗಳಲ್ಲಿ ಬೆನ್ನಿಗೆ ಏಳೆಂಟು ಕಿಲೋ ಚೀಲ ಹೊತ್ತು ಹತ್ತಿ ಇಳಿಯುವುದು, ಹೊಸ ಬೂಟನ್ನು ಊರಿನಲ್ಲೇ ತೊಟ್ಟು ಪಳಗಿಸುವುದು, ಕಣ್ಣುಮುಚ್ಚಿ ಸ್ಲೀಪಿಂಗ್ ಬ್ಯಾಗಿನ ಜಿಪ್ ಹಾಕಿ ತೆಗೆಯುವುದು, ಕೈಗವಸು ತೊಟ್ಟೇ ಗಂಟು ಕಟ್ಟುವುದು ಇವನ್ನೆಲ್ಲ ಇಲ್ಲಿಯೇ ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ರಾತ್ರಿ ಹೊರಗೆ ಮಲಗಿ ನೋಡಬೇಕು. ಅಂಥ ಮೊದಲ ರಾತ್ರಿ ಹಿಮದ ಮೇಲೆ ಆಗಬಾರದು.

ಅದಕ್ಕಾಗಿಯೇ ಈ ಸಲ ಎಳ್ಳ ಅಮಾವಾಸ್ಯೆಗೆ ಕಮಠಾಣದ ನಮ್ಮ ಹೊಲಕ್ಕೆ ಮಕ್ಕಳನ್ನು ಕರೆದುಕೊಂಡು ಬನ್ನಿರಿ. ಹಗಲು ಹೇಗೂ ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ ಇದ್ದೇ ಇರುತ್ತದೆ. ರಾತ್ರಿ ಹಿಮಕ್ಕೆ ಹೋಗಲಿರುವವರು ತಮ್ಮದೇ ಡೇರೆ, ತಮ್ಮದೇ ಬ್ಯಾಗು, ತಮ್ಮದೇ ಮ್ಯಾಟಿನೊಂದಿಗೆ ಹೊಲದಲ್ಲೇ ಮಲಗಲಿ. ಪಾಲಕರು ಮನೆಯಲ್ಲಿ ಮಲಗಬಹುದು. ರಾತ್ರಿ ಹನ್ನೊಂದಕ್ಕೆ ಮತ್ತು ನಸುಕಿನ ನಾಲ್ಕಕ್ಕೆ ನಾನು ಟಾರ್ಚ್ ಹಿಡಿದು ಬಂದು ಕಿರುಬೆರಳು ಮುಟ್ಟಿಸುತ್ತೇನೆ. ಥಂಡಿ ಹತ್ತಿತೆಂದು ಎದ್ದು ಬಂದು ಹೇಳಿದ ಮಗುವಿಗೆ ನಗುವಂತಿಲ್ಲ, ಅದಕ್ಕೆ ಅವ್ವ ಹೊಲಿದ ಕೌದಿ ಒಂದು ಒಳಗೆ ಕಾದಿದೆ. ಬರುವವರು ಎಂಟು ದಿನ ಮೊದಲೇ ತಿಳಿಸಿದರೆ ರೊಟ್ಟಿಯ ಲೆಕ್ಕಕ್ಕೆ ಅನುಕೂಲ.